ಸ್ತ್ರೀಯರ ಕಾಯಕವೂ ಸಂಘಶಕ್ತಿಯೂ

ಶರಣಧರ್ಮವು ಲೋಕಕ್ಕಿತ್ತ ಕಾಣಿಕೆಗಳಲ್ಲಿ ಕಾಯಕ ಮತ್ತು ದಾಸೋಹ ಇವೆರಡೂ ಅಗ್ರಗಣ್ಯವಾದುವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣಸಮೂಹದಲ್ಲಿ ಸ್ತ್ರೀಯರೂ ಇದ್ದರು. ಅವರಲ್ಲಿ ಅನೇಕರು ತಮ್ಮ ಪತಿಯ ಹೆಸರಿನಿಂದಲ್ಲ, ಕುಲದ ಹೆಸರಿನಿಂದಲೂ ಅಲ್ಲ, ತಾವು ಮಾಡುತ್ತಿದ್ದ ಕಾಯಕದ ಹೆಸರಿನಿಂದಲೇ ಪ್ರಸಿದ್ಧರಾದರೆಂಬುದು ಗಮನಿಸತಕ್ಕ ಸಂಗತಿ. ನೂಲು ತೆಗೆಯುತ್ತಿದ್ದವಳು ಕದಿರ ರೆಮ್ಮವ್ವೆಯಾದಳು. ಭತ್ತ ಕುಟ್ಟುತ್ತಿದ್ದವಳು ಕೊಟ್ಟಣದ ಸೋಮಮ್ಮನಾದಳು. ಶಿವಭಕ್ತರ ಮನೆಯಂಗಳವನ್ನು ಗುಡಿಸುತ್ತಿದ್ದ ಸತ್ಯಕ್ಕನ ಕಾಯಕವು ಯಾರ ಕಾಯಕಕ್ಕಿಂತಲೂ ಕಿರಿದೆನಿಸಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕೇಳದ ಭಕ್ತರು ವಿರಳ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದನು. ಲಕ್ಕಮ್ಮನು ಅದನ್ನು ಕಂಡೊಡನೆಯೇ ಇಂದು ಅಕ್ಕಿ ಹೆಚ್ಚಾಗಿದೆಯೆಂದು ಅರಿತಳು. ಹೆಚ್ಚಿನದನ್ನು ಮರಳಿ ಅಲ್ಲಿಗೇ ಚೆಲ್ಲಿ ಬರುವಂತೆ ಪತಿಯನ್ನು ಕಳುಹಿದಳು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಆಕೆಯ ನಿರಾಶೆಯ ದೃಷ್ಟಾಂತವೆಂದು ಹೇಳುತ್ತೇವೆ. ಅದು ನಿಜವೇ. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಆ ಮನೆಯ ಲೆಕ್ಕವು ಲಕ್ಕಮ್ಮನ ಕೈಯಲ್ಲಿತ್ತು. ಎಷ್ಟು ಬಂದಿತು, ಎಷ್ಟು ಸಾಕು, ಎಷ್ಟು ಹೆಚ್ಚು ಎಂಬುದನ್ನು ಬಲ್ಲವಳು ಆಕೆ. ನಿರ್ಣಯ ಮಾಡಿದವಳೂ ಆಕೆಯೇ. ಕಾಯಕವೆಂದರೆ ಕೇವಲ ದುಡಿಮೆಯಲ್ಲ; ದುಡಿಮೆಯ ಫಲದ ಮೇಲೆ ದುಡಿದವರ ವಿವೇಕವು ಒಡೆತನ ನಡೆಸುವುದೂ ಅದರಲ್ಲಿ ಸೇರಿದೆ.

ಈ ದೃಷ್ಟಿಯಿಂದ ನಮ್ಮ ದೇಶದಲ್ಲಿ ಕಳೆದ ನೂರು ವರ್ಷಗಳಿಗೂ ಮೀರಿ ನಡೆದುಬಂದ ಮಹಿಳಾ ಸ್ವಾವಲಂಬನೆಯ ಪ್ರಯತ್ನಗಳನ್ನು ಅವಲೋಕಿಸುವುದು ಈ ಲೇಖನದ ಉದ್ದೇಶ.

ಹಿಡಿಜೋಳದ ಪ್ರಸಂಗ

ಇತಿಹಾಸವನ್ನು ಹೇಳುವ ಮುನ್ನ ನಮ್ಮ ಮನೆಯ ಮಾತೊಂದನ್ನು ಹೇಳಬೇಕು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಾಡಿನ ಅನೇಕ ಮಠಗಳು ಉಚಿತ ಪ್ರಸಾದನಿಲಯಗಳನ್ನು ನಡೆಸಿದುವು. ಶ್ರೀಗಳವರು ಜೋಳಿಗೆ ಹಿಡಿದು ಊರೂರು ಸಂಚರಿಸಿದರು. ಹಳ್ಳಿಯ ತಾಯಂದಿರು ದಿನವೂ ಅಡಿಗೆಗೆ ಅಳೆದುಕೊಳ್ಳುವಾಗ ಒಂದು ಹಿಡಿ ಜೋಳವನ್ನೋ ಅಕ್ಕಿಯನ್ನೋ ಬೇರೆ ಗಡಿಗೆಯಲ್ಲಿ ತೆಗೆದಿಡುತ್ತಿದ್ದರು. ಹಾಗೆ ಕೂಡಿದ ಧಾನ್ಯವು ಮಠಕ್ಕೆ ಬಂದು, ಬಡವರ ಮಕ್ಕಳ ಪ್ರಸಾದವಾಯಿತು. ಪ್ರಸಾದನಿಲಯಗಳಲ್ಲಿ ಉಂಡು ಓದಿ, ಮುಂದೆ ಶಿಕ್ಷಕರೂ ವಕೀಲರೂ ಅಧಿಕಾರಿಗಳೂ ಆದ ಹಳೆಯ ವಿದ್ಯಾರ್ಥಿಗಳೆಲ್ಲರೂ ಆ ಹಿಡಿಧಾನ್ಯದ ಋಣದಲ್ಲಿರುವವರು.

ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಹಿಡಿ ತೆಗೆದಿಟ್ಟವಳು ಮನೆಯ ಹೆಣ್ಣುಮಗಳು. ದಾನಿಗಳ ಪಟ್ಟಿಯಲ್ಲಿ ಬರೆಯಲ್ಪಟ್ಟುದು ಬಹುಮಟ್ಟಿಗೆ ಮನೆಯ ಯಜಮಾನನ ಹೆಸರು. ಉಳಿತಾಯದ ಕಲೆಯೂ ದಾಸೋಹದ ಬುದ್ಧಿಯೂ ಆಕೆಯಲ್ಲಿದ್ದುವು. ಪುಸ್ತಕದಲ್ಲಿ ಮಾತ್ರ ಆಕೆಗೆ ಸ್ಥಳವಿರಲಿಲ್ಲ. ಮುಂದೆ ಹೇಳುವ ಇತಿಹಾಸವೆಲ್ಲವೂ ಆ ಹೆಣ್ಣುಮಗಳ ಹೆಸರು ಪುಸ್ತಕಕ್ಕೆ ಬಂದ ಇತಿಹಾಸವೇ ಆಗಿದೆ.

ಮೊದಲ ಹೆಜ್ಜೆ: ಕೈಕಸುಬಿನ ಶಿಕ್ಷಣ

ಆಧುನಿಕ ಕಾಲದಲ್ಲಿ ಈ ಕಾರ್ಯಕ್ಕೆ ಕೈಹಾಕಿದವರ ಮುಂದೆ ಮೊದಲು ನಿಂತುದು ವಿಧವೆಯರ ಸಂಕಟ. ಕರ್ನಾಟಕದಲ್ಲೇ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಬಾಲವಿಧವೆಯರಿಗೆ ಆಶ್ರಯವನ್ನೂ ವಿದ್ಯೆಯನ್ನೂ ಕೊಟ್ಟರು. 1896ರಲ್ಲಿ ಧೋಂಡೋ ಕೇಶವ ಕರ್ವೆಯವರು ಪುಣೆಯಲ್ಲಿ ವಿಧವಾಶ್ರಮವನ್ನು ಸ್ಥಾಪಿಸಿದರು. ಅದು ಅನಂತರ ಸಮೀಪದ ಹಿಂಗಣೆಗೆ ಸ್ಥಳಾಂತರಗೊಂಡು ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳೆಯಿತು. 1909ರಲ್ಲಿ ರಮಾಬಾಯಿ ರಾನಡೆಯವರು ಗೋಪಾಲಕೃಷ್ಣ ದೇವಧರರ ಸಹಕಾರದಿಂದ ಪುಣೆಯ ಸೇವಾ ಸದನವನ್ನು ಆರಂಭಿಸಿದರು. ಅಲ್ಲಿ ಸ್ತ್ರೀಯರಿಗೆ ಓದುಬರಹದೊಡನೆ ಹೊಲಿಗೆಯನ್ನೂ ದಾದಿಯರ ಕೆಲಸವನ್ನೂ ಶಿಕ್ಷಕವೃತ್ತಿಯನ್ನೂ ಕಲಿಸಲಾಯಿತು.

ಅಂದಿನ ಸಮಾಜದಲ್ಲಿ ಇದು ಅಲ್ಪಸಾಧನೆಯಲ್ಲ. ಕುಲೀನ ಮನೆತನದ ಹೆಣ್ಣುಮಗಳು ಆಸ್ಪತ್ರೆಯಲ್ಲಿ ದಾದಿಯಾಗಿ ಪರರ ರೋಗವನ್ನು ಶುಶ್ರೂಷೆ ಮಾಡುವುದೆಂದರೆ ಜನರು ಮೂಗು ಮುರಿಯುತ್ತಿದ್ದ ಕಾಲವದು. ಯಾರ ಹಂಗಿನಲ್ಲೋ ಮೂಲೆ ಹಿಡಿದು ಕುಳಿತಿದ್ದ ವಿಧವೆಯು ಸಂಬಳ ತರುವವಳಾದಾಗ, ಆಕೆಯನ್ನು ಅಮಂಗಳೆಯೆಂದು ಜರೆಯುತ್ತಿದ್ದ ಬಂಧುಗಳೂ ಆದರದಿಂದ ಮಾತನಾಡಿಸತೊಡಗಿದರು.

ಸ್ವಾತಂತ್ರ್ಯಾನಂತರ ಈ ಮಾರ್ಗವು ಸರಕಾರದ ಕಾರ್ಯಕ್ರಮವಾಯಿತು. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿಯು ರಚಿತವಾಯಿತು. ಹಳ್ಳಿಗಳಲ್ಲಿ ಮಹಿಳಾ ಮಂಡಲಗಳು ಹುಟ್ಟಿಕೊಂಡುವು. ಹೊಲಿಗೆಯ ತರಗತಿಗಳು ನಡೆದುವು. ಕೈಕಸುಬು ಕಲಿತವರ ಸಂಖ್ಯೆಯು ಬೆಳೆಯಿತೆಂಬುದು ನಿರ್ವಿವಾದ.

ಆದರೆ ಕಲಿತವರೆಲ್ಲರೂ ಸ್ವಾವಲಂಬಿಗಳಾದರೆ? ಇಲ್ಲವೆಂದೇ ಹೇಳಬೇಕು. ಹೊಲಿಗೆ ಕಲಿತವಳಿಗೆ ಬಟ್ಟೆಯನ್ನೂ ನೂಲನ್ನೂ ಕೊಳ್ಳಲು ಹಣವಿರಲಿಲ್ಲ. ಹಣವನ್ನು ಸಾಲ ತಂದರೆ ಬಡ್ಡಿಯು ಲಾಭವನ್ನು ನುಂಗುತ್ತಿತ್ತು. ವ್ಯಾಪಾರಿಯೇ ಬಟ್ಟೆ ಕೊಟ್ಟರೆ ಆತನು ಹೇಳಿದ್ದೇ ಕೂಲಿಯಾಗುತ್ತಿತ್ತು. ನಮ್ಮ ಧಾರವಾಡ ಸೀಮೆಯ ಕಸೂತಿಯನ್ನೇ ತೆಗೆದುಕೊಳ್ಳಿರಿ. ನೇಯ್ಗೆಯ ಎಳೆಗಳನ್ನು ಎಣಿಸಿ, ಗಂಟಿಲ್ಲದೆ, ಎರಡೂ ಕಡೆ ಒಂದೇ ಸಮನಾಗಿ ಕಾಣುವಂತೆ ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುವ ಆ ಕೌಶಲಕ್ಕೆ ಯಾವ ಶಿಕ್ಷಣದ ಕೊರತೆಯೂ ಇರಲಿಲ್ಲ; ಅದು ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಕಸೂತಿಯ ಸೀರೆಗೆ ಪೇಟೆಯಲ್ಲಿ ಬೆಲೆ ಉಂಟು. ಹಾಕಿದ ಕೈಗೆ ದೊರೆಯುವುದು ಅಲ್ಪ ಕೂಲಿ. ಕೊರತೆಯಿದ್ದುದು ಕೈಯಲ್ಲಲ್ಲ, ಕೈಗೂ ಪೇಟೆಗೂ ನಡುವಿನ ದಾರಿಯಲ್ಲಿ.

ಎರಡನೆಯ ಹೆಜ್ಜೆ: ಎಂಬತ್ತು ರೂಪಾಯಿಯ ಬಂಡವಾಳ

ಈ ದಾರಿಯನ್ನು ತಾವೇ ನಡೆದು ತೋರಿಸಿದವರು ಮುಂಬಯಿಯ ಗಿರಗಾಂವದ ಏಳು ಮಂದಿ ಗುಜರಾತಿ ಗೃಹಿಣಿಯರು. 1959ರ ಮಾರ್ಚ್ 15ರಂದು ಅವರು ತಾವಿದ್ದ ಹಳೆಯ ಕಟ್ಟಡದ ಮಾಳಿಗೆಯ ಮೇಲೆ ಕುಳಿತು ಹಪ್ಪಳ ಒತ್ತಿದರು. ಬಂಡವಾಳವು ಎಂಬತ್ತು ರೂಪಾಯಿ. ಅದೂ ಸಮಾಜಸೇವಕರಾದ ಛಗನಲಾಲ ಕರಮಸಿ ಪಾರೇಖರಿಂದ ಪಡೆದ ಸಾಲ. ಮೊದಲ ದಿನ ತಯಾರಾದುದು ನಾಲ್ಕು ಪೊಟ್ಟಣ. ಹಪ್ಪಳ ಮಾಡುವುದನ್ನು ಅವರಿಗೆ ಯಾವ ಸಂಸ್ಥೆಯೂ ಕಲಿಸಬೇಕಾಗಿರಲಿಲ್ಲ. ಬೇಸಿಗೆ ಬಂದರೆ ನಮ್ಮ ಮನೆಗಳಲ್ಲಿಯೂ ಹಪ್ಪಳ ಸಂಡಿಗೆಗಳು ಆಗಿಯೇ ಆಗುತ್ತವೆ. ಹೊಸದಾಗಿದ್ದುದು ಒಂದೇ: ಹಿಟ್ಟು ಅವರದು, ಹಪ್ಪಳ ಅವರದು, ಲಾಭನಷ್ಟಗಳೂ ಅವರವೇ.

ಛಗನ ಬಾಪಾ ಎಂದು ಅವರು ಕರೆಯುತ್ತಿದ್ದ ಆ ಹಿರಿಯರು ಹಣಕ್ಕಿಂತ ಬೆಲೆಯುಳ್ಳ ಎರಡು ಉಪದೇಶಗಳನ್ನು ಕೊಟ್ಟರು. ಗುಣದಲ್ಲಿ ರಾಜಿ ಮಾಡಿಕೊಳ್ಳಬಾರದು, ಅಗ್ಗದ ಹಪ್ಪಳವೆಂದು ಕೀಳು ಹಪ್ಪಳವನ್ನು ಮಾಡಬಾರದೆಂಬುದು ಒಂದು. ಲೆಕ್ಕವನ್ನು ವ್ಯಾಪಾರಸ್ಥರಂತೆಯೇ ಚೊಕ್ಕಟವಾಗಿ ಇಡಬೇಕೆಂಬುದು ಇನ್ನೊಂದು. ಅವರು ದಾನವನ್ನು ಬೇಡುವ ಮಾರ್ಗವನ್ನು ಹಿಡಿಯಲಿಲ್ಲ.

ಮೊದಲ ವರ್ಷ ಮಳೆಗಾಲವು ಬಂದಾಗ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತುಹೋಯಿತು. ಮರುವರ್ಷ ಅವರೇ ಉಪಾಯ ಕಂಡುಹಿಡಿದರು. ಒಂದು ಮಂಚವನ್ನೂ ಒಂದು ಒಲೆಯನ್ನೂ ಕೊಂಡರು. ಮಂಚದ ಮೇಲೆ ಹಪ್ಪಳ ಹರವಿ, ಕೆಳಗೆ ಒಲೆ ಹೊತ್ತಿಸಿದರು. ಮಳೆಯಲ್ಲಿಯೂ ಹಪ್ಪಳ ಒಣಗಿತು. ಕಷ್ಟವನ್ನು ತಾನೇ ಅನುಭವಿಸುವವಳಿಗೆ ಪರಿಹಾರವೂ ಹೊಳೆಯುತ್ತದೆಂಬುದಕ್ಕೆ ಈ ಮಂಚವೊಂದೇ ಸಾಕ್ಷಿ.

ಈ ಸಂಸ್ಥೆಯು ‘ಲಿಜ್ಜತ್’ ಎಂಬ ಹೆಸರನ್ನು 1962ರಲ್ಲಿ ತಾಳಿತು. 1966ರಲ್ಲಿ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ನೋಂದಾಯಿತವಾಗಿ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮನ್ನಣೆಯನ್ನು ಪಡೆಯಿತು. ಅದರ ಕಾರ್ಯಕ್ರಮವು ಸರಳವಾದುದು. ಬೆಳಿಗ್ಗೆ ಶಾಖೆಯಲ್ಲಿ ಹಿಟ್ಟು ಕಲಸಿ ತೂಗಿ ಕೊಡುತ್ತಾರೆ. ಸೋದರಿಯರು ಅದನ್ನು ಮನೆಗೆ ಒಯ್ದು ಬಿಡುವಾದಾಗ ಲಟ್ಟಿಸಿ ಒಣಗಿಸಿ ತಂದೊಪ್ಪಿಸಿ ಲಟ್ಟಣೆಯ ಕೂಲಿಯನ್ನು ಪಡೆಯುತ್ತಾರೆ. ಸದಸ್ಯೆಯರೆಲ್ಲರೂ ಒಡತಿಯರೇ. ಪುರುಷರು ನೌಕರರಾಗಿ ಇರಬಹುದು; ಸದಸ್ಯರಾಗಿ ಇರುವಂತಿಲ್ಲ. ಏಳು ಮಂದಿಯಿಂದ ಮೊದಲಾದ ಈ ಸಂಸ್ಥೆಯಲ್ಲಿ ಈಗ ನಲವತ್ತು ಸಾವಿರಕ್ಕೂ ಮೀರಿ ಸದಸ್ಯೆಯರಿದ್ದಾರೆ. ಸ್ಥಾಪಕಿಯರಲ್ಲೊಬ್ಬರಾದ ಜಸವಂತಿಬೆನ್ ಪೋಪಟರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ಮೂರನೆಯ ಹೆಜ್ಜೆ: ಅಹಮದಾಬಾದಿನ ಬ್ಯಾಂಕು

ಮುಂಬಯಿಯ ಸೋದರಿಯರು ಬಡವರಾದರೂ ಸ್ವಂತ ಮನೆಯ ನೆರಳಿನಲ್ಲಿದ್ದವರು. ಬೀದಿಯಲ್ಲಿಯೇ ಬದುಕುವವರ ಗತಿಯೇನು? ಈ ಪ್ರಶ್ನೆಗೆ ಉತ್ತರ ಹುಡುಕಿದುದು ಅಹಮದಾಬಾದು ನಗರ. ಅಲ್ಲಿ 1920ರಲ್ಲಿ ಗಾಂಧೀಜಿಯವರ ಮಾರ್ಗದರ್ಶನದಲ್ಲಿಯೂ ಅನಸೂಯಾಬೆನ್ ಸಾರಾಭಾಯಿಯವರ ನೇತೃತ್ವದಲ್ಲಿಯೂ ಸ್ಥಾಪಿತವಾದ ಜವಳಿ ಕಾರ್ಮಿಕರ ಸಂಘವಿತ್ತು. ಅದರ ಮಹಿಳಾ ವಿಭಾಗವು ಗಿರಣಿ ಕಾರ್ಮಿಕರ ಮನೆಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ತರಗತಿಗಳನ್ನು ನಡೆಸುತ್ತಿತ್ತು. ಇಳಾ ಭಟ್ಟ ಎಂಬ ವಕೀಲೆಯು 1968ರಲ್ಲಿ ಅದರ ಹೊಣೆಯನ್ನು ಹೊತ್ತರು.

1971ರಲ್ಲಿ ಬಟ್ಟೆಪೇಟೆಯಲ್ಲಿ ತಲೆಹೊರೆ ಹೊರುವ ಹೆಂಗಸರು ಅವರ ಬಳಿಗೆ ಬಂದರು. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೊರೆ ಸಾಗಿಸಿದ ಸರದಿಗೆ ಇಷ್ಟೆಂದು ಕೂಲಿ; ಆದರೆ ಎಷ್ಟು ಸರದಿಯಾಯಿತೆಂಬ ಲೆಕ್ಕವು ಅವರ ಕೈಯಲ್ಲಿರಲಿಲ್ಲ. ಇಳಾ ಭಟ್ಟರು ಪತ್ರಿಕೆಯಲ್ಲಿ ಈ ಅನ್ಯಾಯವನ್ನು ಕುರಿತು ಬರೆದರು. ವರ್ತಕರು ತಾವು ನ್ಯಾಯವಾದ ಕೂಲಿಯನ್ನೇ ಕೊಡುತ್ತೇವೆಂದು ಪತ್ರಿಕೆಯಲ್ಲಿಯೇ ಉತ್ತರ ಕೊಟ್ಟರು. ಮಹಿಳಾ ವಿಭಾಗವು ವರ್ತಕರ ಆ ಹೇಳಿಕೆಯನ್ನೇ ಚೀಟಿಗಳಲ್ಲಿ ಅಚ್ಚುಮಾಡಿಸಿ ಹೆಂಗಸರಿಗೆ ಹಂಚಿತು! ಆಡಿದ ಮಾತಿಗೆ ವರ್ತಕರು ಸಿಕ್ಕಿಬಿದ್ದರು. ಸುದ್ದಿ ಹರಡಿದಂತೆ ಹಳೆ ಬಟ್ಟೆ ಮಾರುವವರೂ ತರಕಾರಿ ಮಾರುವವರೂ ಬಂದು ಕೂಡಿದರು. ಹೀಗೆ 1971ರ ಡಿಸೆಂಬರದಲ್ಲಿ ‘ಸೇವಾ’ ಎಂಬ ಸ್ವಯಂ ಉದ್ಯೋಗಿ ಮಹಿಳೆಯರ ಸಂಘವು ಹುಟ್ಟಿತು. ಕಾರ್ಮಿಕ ಇಲಾಖೆಯು, ಮಾಲಿಕನೇ ಇಲ್ಲದವರು ಕಾರ್ಮಿಕ ಸಂಘ ಕಟ್ಟುವುದೆಂತೆಂದು ಆಕ್ಷೇಪಿಸಿತು. ಸಂಘವೆಂಬುದು ಮಾಲಿಕನ ವಿರುದ್ಧ ಮಾತ್ರವಲ್ಲ, ಕಾರ್ಮಿಕರ ಐಕ್ಯಕ್ಕಾಗಿಯೂ ಇರಬಹುದೆಂದು ಇವರು ವಾದಿಸಿದರು. 1972ರ ಏಪ್ರಿಲಿನಲ್ಲಿ ನೋಂದಣಿಯಾಯಿತು.

ಮುಂದಿನ ಸಮಸ್ಯೆ ಸಾಲದ್ದು. ತಳ್ಳುಗಾಡಿಗೂ ಹೊಲಿಗೆಯಂತ್ರಕ್ಕೂ ದಿನಬಾಡಿಗೆ; ಬೆಳಿಗ್ಗೆ ತಂದ ಸಾಲಕ್ಕೆ ಸಂಜೆಗೇ ಬಡ್ಡಿ. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತಾದರೂ, ಮಾಸಿದ ಸೀರೆಯುಟ್ಟು ಮಗುವನ್ನು ಎತ್ತಿಕೊಂಡು ವ್ಯಾಪಾರದ ಹೊತ್ತಿನಲ್ಲಿ ಬ್ಯಾಂಕಿನ ಮೆಟ್ಟಿಲೇರುವುದು ಅವರಿಂದ ಸುಲಭವಾಗಿರಲಿಲ್ಲ. ಆಗ ಅವರು ತಮ್ಮದೇ ಬ್ಯಾಂಕನ್ನು ಕಟ್ಟಲು ನಿಶ್ಚಯಿಸಿದರು. 1974ರಲ್ಲಿ ನಾಲ್ಕು ಸಾವಿರ ಮಂದಿ ಹೆಂಗಸರು ತಲೆಗೆ ಹತ್ತು ರೂಪಾಯಿಯಂತೆ ಷೇರುಹಣ ಹಾಕಿ ಮಹಿಳಾ ಸೇವಾ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಸಹಿ ಹಾಕಲು ಬಾರದವರು ಬ್ಯಾಂಕು ನಡೆಸುವುದೆಂತೆಂಬ ಪ್ರಶ್ನೆ ಎದ್ದಾಗ, ಪ್ರವರ್ತಕ ಸದಸ್ಯೆಯರು ರಾತ್ರಿಯೆಲ್ಲ ಕುಳಿತು ತಮ್ಮ ಹೆಸರನ್ನು ಬರೆಯಲು ಕಲಿತರು. ಉಳಿದ ಗ್ರಾಹಕರ ಪಾಸುಪುಸ್ತಕಕ್ಕೆ ಭಾವಚಿತ್ರವನ್ನು ಅಂಟಿಸಲಾಯಿತು. ಓದಲು ಬಾರದವಳ ಮುಖವೇ ಆಕೆಯ ಸಹಿಯಾಯಿತು. ಪುಸ್ತಕದಲ್ಲಿ ಸ್ಥಳವಿಲ್ಲದಿದ್ದ ಹೆಣ್ಣುಮಗಳು ಮೊದಲ ಸಲ ತನ್ನ ಮುಖವನ್ನು ಪುಸ್ತಕದಲ್ಲಿ ಕಂಡಳು.

ಬ್ಯಾಂಕು ಇನ್ನೊಂದು ಸತ್ಯವನ್ನೂ ಕಲಿಸಿತು. ಸಾಲ ತೀರಿಸದವರ ಮನೆಗಳಿಗೆ ಹೋಗಿ ವಿಚಾರಿಸಿದಾಗ, ಅವರಲ್ಲಿ ಕೆಲವರು ಮೃತರಾಗಿದ್ದುದು ತಿಳಿದುಬಂದಿತು; ಹೆರಿಗೆಯಲ್ಲಿ ಸತ್ತವರೇ ಅವರಲ್ಲಿ ಹೆಚ್ಚು. ಸಾಲವು ಮುಳುಗಿದುದು ಕೆಟ್ಟ ನಡತೆಯಿಂದಲ್ಲ, ಕೆಟ್ಟ ಆರೋಗ್ಯದಿಂದ. ಆದುದರಿಂದ ‘ಸೇವಾ’ ಸಂಸ್ಥೆಯು ಹೆರಿಗೆಯ ರಕ್ಷಣೆಯನ್ನೂ ಕೂಸುಗಳ ಪಾಲನಾಕೇಂದ್ರಗಳನ್ನೂ ಕೈಗೊಂಡಿತು. 1990ರಲ್ಲಿ ಆರೋಗ್ಯದ ಸಹಕಾರಿ ಸಂಘವನ್ನೂ, 1992ರಲ್ಲಿ ವಿಮೆಯ ಯೋಜನೆಯನ್ನೂ ಆರಂಭಿಸಿತು. ದುಡಿಯುವ ದೇಹವೇ ಬಡವಳ ಬಂಡವಾಳ. ಅದನ್ನು ಕಾಯದೆ ಉದ್ಯೋಗವನ್ನು ಮಾತ್ರ ಬೆಳೆಸುತ್ತೇವೆಂಬುದು ಬುಡಕ್ಕೆ ನೀರೆರೆಯದೆ ಫಲ ಬಯಸಿದಂತೆ. ಇಳಾ ಭಟ್ಟರಿಗೆ 1977ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯು ದೊರೆಯಿತು. ಅವರು 2022ರ ನವೆಂಬರದಲ್ಲಿ ನಿಧನ ಹೊಂದಿದರು.

ಕರ್ನಾಟಕದ ಹಳ್ಳಿಗಳಲ್ಲಿ

ನಗರದಲ್ಲಿ ಬ್ಯಾಂಕು ಮಾಡಿದ ಕೆಲಸವನ್ನು ಹಳ್ಳಿಯಲ್ಲಿ ಮಾಡಿದುದು ಸ್ವಸಹಾಯ ಸಂಘ. ಅದರ ಇತಿಹಾಸದಲ್ಲಿ ನಮ್ಮ ನಾಡಿಗೆ ಮಹತ್ತ್ವದ ಸ್ಥಾನವಿದೆ. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ ಸ್ಥಾಪಿತವಾದ ‘ಮೈರಾಡ’ ಸಂಸ್ಥೆಯು ಮುಂದೆ ಗ್ರಾಮಾಭಿವೃದ್ಧಿಯ ಕಾರ್ಯದಲ್ಲಿ ತೊಡಗಿತು. 1980ರ ದಶಕದ ನಡುವಿನಲ್ಲಿ ಅದು ಕೆಲಸ ಮಾಡುತ್ತಿದ್ದ ಕಡೆ ಕೆಲವು ದೊಡ್ಡ ಸಹಕಾರಿ ಸಂಘಗಳು ಒಡೆದುಹೋದುವು. ಸದಸ್ಯರು ಸಂಸ್ಥೆಯ ಬಳಿಗೆ ಬಂದು, ನಿಮ್ಮ ಸಾಲವನ್ನು ನಿಮಗೇ ತೀರಿಸುತ್ತೇವೆ, ಸಹಕಾರಿ ಸಂಘಕ್ಕೆ ಕಟ್ಟುವುದಿಲ್ಲವೆಂದರು. ಹಾಗಾದರೆ ನೀವು ನೀವೇ ಒಟ್ಟುಗೂಡಿ ಒಬ್ಬರಿಗೊಬ್ಬರು ಕಟ್ಟಿಕೊಳ್ಳಿರೆಂದು ಸಂಸ್ಥೆಯು ಉತ್ತರ ಕೊಟ್ಟಿತು. ಪರಸ್ಪರ ನಂಬಿಕೆಯಿದ್ದವರು ಹದಿನೈದು ಇಪ್ಪತ್ತು ಮಂದಿಯಂತೆ ಕೂಡಿಕೊಂಡರು. ವಾರಕ್ಕೊಮ್ಮೆ ಸಭೆ, ಸಭೆಯಲ್ಲಿಯೇ ಉಳಿತಾಯ, ಸಭೆಯಲ್ಲಿಯೇ ಸಾಲ, ತಡವಾಗಿ ಬಂದವರಿಗೆ ದಂಡ, ಎಲ್ಲದಕ್ಕೂ ಪುಸ್ತಕ.

ಸಾಲವನ್ನು ಯಾವುದಕ್ಕೆ ಕೊಡಬೇಕೆಂಬುದನ್ನು ಸಂಘವೇ ನಿರ್ಣಯಿಸುತ್ತಿತ್ತು. ಮಗುವಿನ ಔಷಧಕ್ಕೆ, ಹಸಿವಿನ ತಿಂಗಳಿನ ಧಾನ್ಯಕ್ಕೆ, ಒತ್ತೆಯಿಟ್ಟ ಹೊಲವನ್ನು ಬಿಡಿಸಿಕೊಳ್ಳುವುದಕ್ಕೆ ಅವರು ಸಾಲ ಕೊಟ್ಟರು. ಇಂಥವನ್ನು ಬ್ಯಾಂಕುಗಳು ಉತ್ಪಾದಕವಲ್ಲದ ಸಾಲವೆಂದು ಎಣಿಸುತ್ತಿದ್ದುವು. ಆದರೆ ಬಡವರ ಮನೆಯಲ್ಲಿ ಔಷಧಕ್ಕೆ ತಂದ ಸಾಲವೇ ಜೀತಕ್ಕೆ ದಾರಿಯಾಗುವುದೆಂಬುದನ್ನು ಆ ಹೆಂಗಸರು ಪುಸ್ತಕ ಓದದೆಯೇ ಬಲ್ಲರು. 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕು, ಅಂದರೆ ನಬಾರ್ಡ್, ಈ ಪ್ರಯೋಗಕ್ಕೆ ನೆರವು ನೀಡಿತು. 1992ರಲ್ಲಿ ದೇಶದ ಐನೂರು ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ಹಾಕಿಕೊಂಡಿತು. ಅಡಮಾನವಿಲ್ಲದೆ, ಸಂಘದ ಉಳಿತಾಯವನ್ನೂ ಪುಸ್ತಕವನ್ನೂ ನೋಡಿ ಸಾಲ ಕೊಡುವ ಪದ್ಧತಿಯು ಹೀಗೆ ರೂಢಿಗೆ ಬಂದಿತು.

ಇದೇ ಕಾಲದಲ್ಲಿ, 1989ರಲ್ಲಿ, ಬೀದರ, ವಿಜಾಪುರ ಮತ್ತು ಮೈಸೂರು ಜಿಲ್ಲೆಗಳಲ್ಲಿ ಮಹಿಳಾ ಸಮಖ್ಯಾ ಎಂಬ ಕಾರ್ಯಕ್ರಮವು ಪ್ರಾರಂಭವಾಯಿತು. ಅದು ಸಾಲ ಹಂಚುವುದಕ್ಕಾಗಿ ಹುಟ್ಟಿದ ಕಾರ್ಯಕ್ರಮವಲ್ಲ. ಬಡ ಹೆಂಗಸರು ಕೂಡಿ ಕುಳಿತು ತಮ್ಮ ಕಷ್ಟವನ್ನು ತಾವೇ ವಿಚಾರಿಸುವುದನ್ನೇ ಅದು ಶಿಕ್ಷಣವೆಂದು ತಿಳಿಯಿತು. ಅನೇಕ ಹಳ್ಳಿಗಳಲ್ಲಿ ‘ಸಂಘದ ಮನೆ’ ಎದ್ದು ನಿಂತಿತು. ಊರಿನ ಕಟ್ಟೆಯು ಗಂಡಸರಿಗೆ ಮೀಸಲಾಗಿದ್ದ ಕಡೆ, ಹೆಂಗಸರಿಗೆ ಕುಳಿತು ಮಾತನಾಡಲು ಒಂದು ಸೂರು ದೊರೆತುದೇ ದೊಡ್ಡ ಬದಲಾವಣೆ. ಅಲ್ಲಮಪ್ರಭುಗಳು ಅಧ್ಯಕ್ಷರಾಗಿದ್ದ ಅನುಭವ ಮಂಟಪದಲ್ಲಿ ಸ್ತ್ರೀಯರು ನಿಸ್ಸಂಕೋಚವಾಗಿ ಮಾತನಾಡಿದರೆಂಬುದನ್ನು ಹೆಮ್ಮೆಯಿಂದ ನೆನೆಯುವ ನಮಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

2000ದಲ್ಲಿ ಕರ್ನಾಟಕ ಸರಕಾರವು ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿತು. ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಊರೂರಿನಲ್ಲಿ ಸಂಘಗಳಾದುವು. ಇಂದು ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಖಾರದಪುಡಿಗಳನ್ನು ಮಾಡಿ ಮಾರುವ ಸಂಘಗಳನ್ನು ಕಾಣುತ್ತೇವೆ. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯು 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆಯಿತು.

ಸಂಘವೋ, ಸಾಲದ ಗುಂಪೋ?

ಇಲ್ಲಿಗೆ ಇತಿಹಾಸವನ್ನು ಮುಗಿಸಿದರೆ ಮನಸ್ಸಿಗೆ ಸಂತೋಷವಾದೀತು. ಆದರೆ ಸತ್ಯವು ಅರ್ಧವಾದೀತು. ಬಡ ಹೆಂಗಸರು ಸಾಲವನ್ನು ತಪ್ಪದೆ ತೀರಿಸುತ್ತಾರೆಂಬ ಸುದ್ದಿಯು ಹರಡಿದ ಮೇಲೆ, ಲಾಭದ ಸಲುವಾಗಿಯೇ ಅವರಿಗೆ ಸಾಲ ಕೊಡುವ ಕಂಪನಿಗಳು ಹಳ್ಳಿಗೆ ಬಂದುವು. ಅವೂ ಹೆಂಗಸರನ್ನು ಗುಂಪು ಕೂಡಿಸುತ್ತವೆ. ಅವೂ ವಾರಕ್ಕೊಮ್ಮೆ ಸಭೆ ನಡೆಸುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆ. ಒಳಗಿನ ಭೇದವು ಬಹಳ.

ಇಪ್ಪತ್ತು ಮಂದಿಯ ಒಂದು ಸಂಘವನ್ನು ಭಾವಿಸೋಣ. ವಾರಕ್ಕೆ ತಲೆಗೆ ಇಪ್ಪತ್ತು ರೂಪಾಯಿಯಂತೆ ಉಳಿಸಿದರೆ ವಾರಕ್ಕೆ 400 ರೂಪಾಯಿ. 52 ವಾರಗಳಲ್ಲಿ 20,800 ರೂಪಾಯಿ. ಈ ಹಣವನ್ನು ತಮ್ಮಲ್ಲಿಯೇ ಸಾಲ ಕೊಟ್ಟುಕೊಂಡರೆ ಬಡ್ಡಿಯೂ ಸಂಘದ ಗಂಟಿಗೇ ಸೇರುತ್ತದೆ. ಒಬ್ಬಳ ಮನೆಯಲ್ಲಿ ಸಾವು ನೋವು ಬಂದರೆ, ಈ ತಿಂಗಳು ಕಂತು ಬೇಡವೆಂದು ನಿರ್ಣಯಿಸುವ ಅಧಿಕಾರವೂ ಸಂಘಕ್ಕುಂಟು. ಸಾಲದ ಗುಂಪಿನಲ್ಲಿ ಹಣವು ಹೊರಗಿನದು, ಬಡ್ಡಿಯು ಹೊರಗೆ ಹೋಗುತ್ತದೆ, ನಿಯಮವೂ ಹೊರಗಿನದು. ಅಲ್ಲಿ ಗುಂಪು ಇರುವುದು ಒಬ್ಬಳು ಕಟ್ಟದಿದ್ದರೆ ಉಳಿದವರು ಆಕೆಯ ಬಾಗಿಲಲ್ಲಿ ನಿಂತು ವಸೂಲು ಮಾಡಲೆಂದು. ಸಂಘದಲ್ಲಿ ನೆರೆಯವಳು ಆಸರೆ; ಗುಂಪಿನಲ್ಲಿ ನೆರೆಯವಳೇ ವಸೂಲಿಯವಳು.

ಇದರ ಪರಿಣಾಮವನ್ನು 2010ರಲ್ಲಿ ಆಂಧ್ರಪ್ರದೇಶವು ಕಂಡಿತು. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕಾಗಿ ಮತ್ತೊಂದು ಎಂದು ಸಾಲದ ಮೇಲೆ ಸಾಲವೇರಿ, ವಸೂಲಿಯ ಕಿರುಕುಳ ತಾಳದೆ ಆತ್ಮಹತ್ಯೆಗಳು ನಡೆದ ವರದಿಗಳು ಬಂದುವು. ಆ ವರ್ಷದ ಅಕ್ಟೋಬರದಲ್ಲಿ ಅಲ್ಲಿನ ಸರಕಾರವು ಅಧ್ಯಾದೇಶವನ್ನು ಹೊರಡಿಸಬೇಕಾಯಿತು. ಅದೇ ದುರ್ಗತಿಯು ನಮ್ಮ ನಾಡಿಗೂ ಬಂದಿತು. ವಸೂಲಿಯ ಕಾಟಕ್ಕೆ ಅಂಜಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಗಳು ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಅಧ್ಯಾದೇಶವನ್ನು ಜಾರಿಗೆ ತಂದಿತು.

ಕಾಯಿದೆಯು ಕಿರುಕುಳವನ್ನು ತಡೆಯಬಹುದು, ಸಂಘವನ್ನು ಕಟ್ಟಲಾರದು. ನಮ್ಮ ಸಂಘಗಳಲ್ಲಿಯೂ ದೋಷಗಳಿವೆ. ಹೆಂಡತಿಯ ಹೆಸರಿನಲ್ಲಿ ಸಾಲ ತಂದು ಗಂಡನು ವ್ಯಯಮಾಡುವುದುಂಟು. ವಾರಕ್ಕೆ ಇಪ್ಪತ್ತು ರೂಪಾಯಿಯನ್ನೂ ಉಳಿಸಲಾರದ ಕಡುಬಡವಳು ಸಂಘದ ಹೊರಗೇ ಉಳಿಯುವುದುಂಟು. ಊರ ಹೊರಗಿನ ಕೇರಿಯ ಹೆಣ್ಣುಮಕ್ಕಳನ್ನು ಒಳಗೆ ಕರೆಯದ ಸಂಘಗಳೂ ಉಂಟು. ಬಸವಣ್ಣನವರ ಹೆಸರು ಹೇಳುವ ಊರಿನಲ್ಲಿ ಇದು ನಡೆದರೆ ಅದಕ್ಕಿಂತ ನಾಚಿಕೆಯ ಸಂಗತಿ ಬೇರೊಂದಿಲ್ಲ. ಮನೆಗೆಲಸ, ಹೊಲದ ಕೆಲಸ ಇವುಗಳ ಮೇಲೆ ಸಂಘದ ಉದ್ಯೋಗವೂ ಸೇರಿ, ಹೆಣ್ಣಿನ ಬೆನ್ನಿಗೆ ಮೂರನೆಯ ಹೊರೆಯಾಗುವುದೂ ಉಂಟು. ಗಂಡಸು ಕೊಡ ಹಿಡಿದು ನೀರಿಗೆ ಹೋಗದ ಮನೆಯಲ್ಲಿ ಹೆಂಗಸಿನ ಸ್ವಾವಲಂಬನೆಯು ಅರ್ಧ ಮಾತ್ರ.

ನಮ್ಮ ಕರ್ತವ್ಯ

ಸಂಗ್ರಹವಾಗಿ ಹೇಳುವುದಾದರೆ, ನೂರು ವರ್ಷಗಳ ಅನುಭವವು ನಮಗೆ ಮೂರು ಪಾಠಗಳನ್ನು ಕಲಿಸಿದೆ. ಕೌಶಲವು ಬೇಕು, ಆದರೆ ಅದೊಂದೇ ಸಾಲದು. ಹಣವು ಬೇಕು, ಆದರೆ ಅದು ಒಡೆತನವಿಲ್ಲದೆ ಬಂದರೆ ಉರುಳಾಗುತ್ತದೆ. ಆರೋಗ್ಯವೂ ಕೂಸಿನ ಪಾಲನೆಯೂ ಇಲ್ಲದ ಕಡೆ ಉದ್ಯೋಗವು ನಿಲ್ಲುವುದಿಲ್ಲ. ಈ ಮೂರನ್ನೂ ಒಂದುಗೂಡಿಸುವುದು ಸಂಘ. ಸಂಘದ ಪ್ರಾಣವಿರುವುದು ಅದರ ಲೆಕ್ಕದ ಪುಸ್ತಕದಲ್ಲಿ. ಆ ಪುಸ್ತಕವು ಯಾರ ಕೈಯಲ್ಲಿದೆ, ಅದನ್ನು ಯಾರು ಓದಬಲ್ಲರು ಎಂಬುದರಿಂದ ಸಂಘವು ನಿಜವಾದುದೋ ಹೆಸರಿನದೋ ಎಂಬುದನ್ನು ತಿಳಿಯಬಹುದು.

ಇದರಲ್ಲಿ ನಮ್ಮ ಪಾಲಿನ ಕಾರ್ಯವೂ ಇದೆ. ಪ್ರಸಾದನಿಲಯಗಳಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ಬ್ಯಾಂಕಿನ ಅಧಿಕಾರಿಗಳಿದ್ದಾರೆ, ಶಿಕ್ಷಕರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ವೈದ್ಯರಿದ್ದಾರೆ. ತಿಂಗಳಿಗೆ ಒಂದು ದಿನ ತಮ್ಮೂರಿನ ಸಂಘಕ್ಕೆ ಹೋಗಿ, ಪುಸ್ತಕವನ್ನು ಬರೆದುಕೊಡದೆ, ಬರೆಯುವುದನ್ನು ಕಲಿಸಿ ಬಂದರೆ ಅದು ದೊಡ್ಡ ದಾಸೋಹವಾದೀತು. ಬರೆದುಕೊಟ್ಟರೆ ಪುಸ್ತಕವು ನಮ್ಮ ಕೈಯಲ್ಲಿಯೇ ಉಳಿಯುತ್ತದೆ. ಕಲಿಸಿದರೆ ಅವರ ಕೈಗೆ ಸೇರುತ್ತದೆ. ಮಠದ ಜಾತ್ರೆಗೆ ರೊಟ್ಟಿಯನ್ನೂ ಚಟ್ನಿಯನ್ನೂ ಊರಿನ ಸಂಘಗಳಿಂದಲೇ, ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಬಹುದು. ಜಾತ್ರೆಯ ಅಂಗಡಿಗಳ ಸಾಲಿನಲ್ಲಿ ಸಂಘಗಳಿಗೆ ಸ್ಥಳ ಕೊಡಬಹುದು. ಮನೆಯನ್ನೋ ಹೊಲವನ್ನೋ ಕೊಳ್ಳುವಾಗ ಪತ್ರದಲ್ಲಿ ಮನೆಯ ಹೆಣ್ಣುಮಗಳ ಹೆಸರನ್ನೂ ಬರೆಯಿಸಬಹುದು.

ಒಂದು ಕಾಲಕ್ಕೆ ನಮ್ಮ ಪ್ರಸಾದದ ತಟ್ಟೆಗೆ ಹಿಡಿಜೋಳವನ್ನು ತೆಗೆದಿಟ್ಟ ತಾಯಂದಿರು ಯಾವ ಪಟ್ಟಿಯಲ್ಲಿಯೂ ತಮ್ಮ ಹೆಸರನ್ನು ಕೇಳಲಿಲ್ಲ. ಅವರ ಹೆಸರುಗಳು ಈಗ ನಮಗೆ ದೊರೆಯುವುದೂ ಇಲ್ಲ. ಆದರೆ ಅವರ ಹೆಣ್ಣುಮಕ್ಕಳೂ ಮೊಮ್ಮಕ್ಕಳೂ ಪ್ರತಿಯೊಂದು ಊರಿನಲ್ಲಿಯೂ ವಾರಕ್ಕೊಮ್ಮೆ ಚಾಪೆ ಹಾಸಿ ಕುಳಿತು ಉಳಿತಾಯದ ಹಣವನ್ನು ಎಣಿಸುತ್ತಿದ್ದಾರೆ. ಆ ಋಣವನ್ನು ತೀರಿಸಬೇಕೆಂಬ ಬುದ್ಧಿ ನಮಗಿದ್ದರೆ, ತೀರಿಸಬೇಕಾದುದು ಅಲ್ಲಿ.